ಗಾಯದ ಅಳತೆ: ಕ್ಯಾಮೆರಾ ಮತ್ತು ಕೃತಕ ಬುದ್ಧಿಮತ್ತೆಯ ನೆರವು

ಬೇಸಾಯದ ಕೆಲಸದಲ್ಲಿ ಗಾಯವಾಗುವುದು ಸಾಮಾನ್ಯ. ಕುಡುಗೋಲು ತಗಲುವುದು, ಕೊಯ್ಲಾದ ಗದ್ದೆಯಲ್ಲಿ ಕೂಳೆ ಚುಚ್ಚುವುದು, ಜಾಲಿಮುಳ್ಳು ಮುರಿದು ಒಳಗೇ ಉಳಿಯುವುದು, ಹೊಸ ಚಪ್ಪಲಿ ಕಚ್ಚುವುದು ಇವೆಲ್ಲ ದಿನನಿತ್ಯದ ಸಂಗತಿಗಳು. ಆರೋಗ್ಯವಂತರಲ್ಲಿ ಇಂತಹ ಸಣ್ಣ ಗಾಯಗಳು ಎರಡು ಮೂರು ವಾರಗಳಲ್ಲಿ ಮಾಯುತ್ತವೆ. ಕೆಲವರಲ್ಲಿ ಮಾತ್ರ ತಿಂಗಳು ಕಳೆದರೂ ಮಾಯುವುದಿಲ್ಲ. ಇಂತಹ ಮಾಯದ ಗಾಯಗಳಲ್ಲಿ ಸಕ್ಕರೆ ಕಾಯಿಲೆ ಇರುವವರ ಪಾದದ ಹುಣ್ಣು ಬಹಳ ಮುಖ್ಯವಾದುದು. ಸಕಾಲದಲ್ಲಿ ಗಮನಿಸದಿದ್ದರೆ ಬೆರಳನ್ನೋ ಪಾದವನ್ನೋ ಕತ್ತರಿಸಿ ತೆಗೆಯಬೇಕಾದ ಸಂದರ್ಭ ಒದಗುತ್ತದೆ. ನೇಗಿಲು, ನಾಟಿ, ನೀರು ಕಟ್ಟುವುದು ಎಲ್ಲವನ್ನೂ ಕಾಲಿನ ಮೇಲೆ ನಿಂತೇ ಮಾಡಬೇಕಾದ ರೈತನಿಗೆ ಇದು ಬದುಕಿನ ಪ್ರಶ್ನೆಯೇ ಆಗಿದೆ.

ಸಕ್ಕರೆ ಕಾಯಿಲೆ ಪಟ್ಟಣದವರಿಗೆ ಬರುವ ರೋಗವೆಂಬ ಭಾವನೆ ಸರಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ 20 ವರ್ಷ ಮೇಲ್ಪಟ್ಟವರಲ್ಲಿ ಈ ರೋಗವುಳ್ಳವರು ಶೇ. 11.4. ಪಟ್ಟಣಗಳಲ್ಲಿ ಇದು ಶೇ. 16.4, ಗ್ರಾಮಗಳಲ್ಲಿ ಶೇ. 8.9. ಅಂದರೆ ಹಳ್ಳಿಯ ಹನ್ನೊಂದು ಮಂದಿ ವಯಸ್ಕರಲ್ಲಿ ಸುಮಾರು ಒಬ್ಬರಿಗೆ ಈ ರೋಗವಿದೆ. ಆದುದರಿಂದ ಮಾಯದ ಗಾಯವನ್ನು ಗುರುತಿಸುವ ಕ್ರಮವನ್ನು ಪ್ರತಿಯೊಂದು ರೈತ ಕುಟುಂಬವೂ ತಿಳಿದಿರುವುದು ಅವಶ್ಯಕ. ಈ ಕೆಲಸದಲ್ಲಿ ಈಗ ಕ್ಯಾಮೆರಾ ಮತ್ತು ಕೃತಕ ಬುದ್ಧಿಮತ್ತೆ ವೈದ್ಯರಿಗೆ ನೆರವಾಗುತ್ತಿವೆ. ಇವು ಏನು ಮಾಡಬಲ್ಲವು, ಏನು ಮಾಡಲಾರವು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ನೋವಿಲ್ಲದ ಗಾಯವೇ ಅಪಾಯಕಾರಿ

ಸಕ್ಕರೆ ಕಾಯಿಲೆ ಬಹುಕಾಲ ಹತೋಟಿಯಲ್ಲಿ ಇಲ್ಲದಿದ್ದರೆ ಪಾದದ ನರಗಳು ಕೆಡುತ್ತವೆ. ಆಗ ಅಂಗಾಲಿಗೆ ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ಹಲವರಲ್ಲಿ ರಕ್ತನಾಳಗಳು ಕಿರಿದಾಗಿ ಪಾದಕ್ಕೆ ರಕ್ತ ಸಾಕಷ್ಟು ಬರುವುದಿಲ್ಲ. ನೋವು ಇಲ್ಲವಾದ್ದರಿಂದ ಮನುಷ್ಯ ಗಾಯದ ಮೇಲೆಯೇ ನಡೆದಾಡುತ್ತಾನೆ. ರಕ್ತ ಸಾಲದ್ದರಿಂದ ಗಾಯ ಕೂಡಿಕೊಳ್ಳುವುದಿಲ್ಲ. ಸಕ್ಕರೆ ಹೆಚ್ಚಿರುವುದರಿಂದ ಸೋಂಕು ಬೇಗ ಹಬ್ಬುತ್ತದೆ.

ನೋವಿಲ್ಲದಿರುವುದರ ಕೇಡನ್ನು ಸ್ಪಷ್ಟವಾಗಿ ತೋರಿಸಿಕೊಟ್ಟ ಕೆಲಸ ದಕ್ಷಿಣ ಭಾರತದಲ್ಲಿಯೇ ನಡೆಯಿತು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಡಾ. ಪಾಲ್ ಬ್ರಾಂಡ್ ಅವರು ಕುಷ್ಠರೋಗಿಗಳ ಕೈಕಾಲುಗಳನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಬೆರಳುಗಳು ರೋಗದಿಂದ ತಾವಾಗಿಯೇ ಕೊಳೆತು ಬೀಳುವುದಿಲ್ಲ. ಸ್ಪರ್ಶಜ್ಞಾನ ಹೋದ ಕೈಕಾಲಿಗೆ ಮತ್ತೆ ಮತ್ತೆ ಆಗುವ ಪೆಟ್ಟು, ಸುಟ್ಟ ಗಾಯ ಮತ್ತು ಒತ್ತಡಗಳಿಂದ ನಾಶವಾಗುತ್ತವೆ ಎಂದು ಅವರು ಕಂಡುಕೊಂಡರು. ಮುಂದೆ 1966ರಿಂದ ಅಮೆರಿಕದ ಕಾರ್ವಿಲ್ ಎಂಬಲ್ಲಿ ಕೆಲಸ ಮಾಡುವಾಗ, ಪಾದದಲ್ಲಿ ಹುಣ್ಣಾಗಲಿರುವ ಜಾಗವನ್ನು ಶಾಖದ ಚಿತ್ರದಿಂದ ಮೊದಲೇ ಗುರುತಿಸುವ ಪ್ರಯತ್ನ ಮಾಡಿದರು. ಇದೇ ತಿಳಿವಳಿಕೆ ಸಕ್ಕರೆ ಕಾಯಿಲೆಯವರ ಪಾದದ ಆರೈಕೆಗೂ ಆಧಾರವಾಗಿದೆ.

ಗಾಯವನ್ನು ಏಕೆ ಅಳೆಯಬೇಕು?

ನೋವು ಎಚ್ಚರಿಕೆ ಕೊಡದಿದ್ದಾಗ ಬೇರೊಂದು ಎಚ್ಚರಿಕೆ ಬೇಕಾಗುತ್ತದೆ. ಅದೇ ಅಳತೆ. ಪಾದದ ಹುಣ್ಣಿಗೆ ಸರಿಯಾದ ಚಿಕಿತ್ಸೆ ಆರಂಭವಾದ ನಾಲ್ಕು ವಾರಗಳಲ್ಲಿ ಅದರ ವಿಸ್ತೀರ್ಣ ಅರ್ಧದಷ್ಟಾದರೂ ಕಡಿಮೆಯಾಗಬೇಕು. ಹಾಗೆ ಆಗದ ಹುಣ್ಣುಗಳಲ್ಲಿ ಹೆಚ್ಚಿನವು ಹನ್ನೆರಡು ವಾರಗಳಾದರೂ ಮಾಯುವುದಿಲ್ಲ ಎಂದು ತಿಳಿದುಬಂದಿದೆ. ಆದುದರಿಂದ ನಾಲ್ಕನೆಯ ವಾರದ ಅಳತೆಯನ್ನು ನೋಡಿ ಚಿಕಿತ್ಸೆ ಬದಲಿಸಬೇಕೇ ಬೇಡವೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ.

ಬರೀ ಕಣ್ಣಂದಾಜು ಇಲ್ಲಿ ಸಾಲದು. ಒಂದು ಉದಾಹರಣೆಯನ್ನು ನೋಡಬಹುದು. ಹುಣ್ಣು 4 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲ ಇದೆ ಎನ್ನೋಣ. ಉದ್ದ ಅಗಲಗಳನ್ನು ಗುಣಿಸಿದರೆ 12 ಚದರ ಸೆಂ.ಮೀ. ಬರುತ್ತದೆ. ಆದರೆ ಹುಣ್ಣು ಚೌಕವಾಗಿರುವುದಿಲ್ಲ, ಮೊಟ್ಟೆಯಾಕಾರದಲ್ಲಿರುತ್ತದೆ. ಆದುದರಿಂದ ಇದನ್ನು 0.785ರಿಂದ ಗುಣಿಸಬೇಕು. ಆಗ ವಿಸ್ತೀರ್ಣ ಸುಮಾರು 9.4 ಚದರ ಸೆಂ.ಮೀ. ಆಗುತ್ತದೆ. ನಾಲ್ಕು ವಾರಗಳ ನಂತರ ಹುಣ್ಣು 3 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲಕ್ಕೆ ಇಳಿದರೆ ವಿಸ್ತೀರ್ಣ 4.7 ಚದರ ಸೆಂ.ಮೀ., ಅಂದರೆ ಸರಿಯಾಗಿ ಅರ್ಧ. ನೋಡಿದವರಿಗೆ ‘ಒಂದೊಂದು ಸೆಂಟಿಮೀಟರ್ ಮಾತ್ರ ಕಡಿಮೆಯಾಗಿದೆ’ ಎನ್ನಿಸಬಹುದು. ಆದರೂ ಇದು ಒಳ್ಳೆಯ ಲಕ್ಷಣ. ಇದಕ್ಕೆ ಬದಲಾಗಿ ಹುಣ್ಣು 3.6 ಮತ್ತು 2.8 ಸೆಂ.ಮೀ.ಗೆ ಇಳಿದಿದ್ದರೆ ‘ಕಡಿಮೆಯಾಗುತ್ತಿದೆ’ ಎಂದು ಮನೆಯವರು ಸಮಾಧಾನಪಡುತ್ತಾರೆ. ವಾಸ್ತವವಾಗಿ ಇಳಿದಿರುವುದು ಶೇ. 16 ಮಾತ್ರ. ಇದು ವೈದ್ಯರಿಗೆ ತಿಳಿಸಬೇಕಾದ ಸಂಗತಿ.

ವೈದ್ಯರು ಸತ್ತ ಚರ್ಮ, ಮಾಂಸಗಳನ್ನು ಕತ್ತರಿಸಿ ತೆಗೆದ ವಾರ ಹುಣ್ಣು ಮೊದಲಿಗಿಂತ ದೊಡ್ಡದಾಗಿ ಕಾಣುವುದುಂಟು. ಇದಕ್ಕೆ ಗಾಬರಿಪಡಬೇಕಾಗಿಲ್ಲ. ಅಂದಿನಿಂದ ಹೊಸದಾಗಿ ಲೆಕ್ಕ ಇಡಬೇಕು.

ಚಿತ್ರದಿಂದ ಅಳೆಯುವ ಬಗೆ

ಅಂಕುಡೊಂಕಾದ ಹೊಲವನ್ನು ಉದ್ದ ಅಗಲ ಗುಣಿಸಿ ಅಳೆದರೆ ಲೆಕ್ಕ ತಪ್ಪುತ್ತದೆ ಎಂಬುದು ರೈತರಿಗೆ ಗೊತ್ತಿರುವ ವಿಷಯ. ಗಾಯದ ಅಂಚೂ ಹಾಗೆಯೇ ಅಂಕುಡೊಂಕು. ಹಿಂದಿನಿಂದ ಆಸ್ಪತ್ರೆಗಳಲ್ಲಿ ಗಾಯದ ಮೇಲೆ ಪಾರದರ್ಶಕ ಹಾಳೆಯಿಟ್ಟು, ಅಂಚನ್ನು ಪೆನ್ನಿನಿಂದ ಗುರುತಿಸಿ, ಅದನ್ನು ಚೌಕಳಿ ಕಾಗದದ ಮೇಲಿಟ್ಟು ಚೌಕಗಳನ್ನು ಎಣಿಸುವ ರೂಢಿ ಇದೆ. ಕ್ಯಾಮೆರಾದ ಚಿತ್ರ ಮಾಡುವುದೂ ಇದನ್ನೇ. ಪ್ರತಿ ಚಿತ್ರವೂ ಲಕ್ಷಾಂತರ ಅತಿ ಸಣ್ಣ ಚುಕ್ಕಿಗಳಿಂದ ಆಗಿರುತ್ತದೆ. ಗಾಯದ ಪಕ್ಕದಲ್ಲಿ ಇಟ್ಟ ಅಳತೆಪಟ್ಟಿಯ 1 ಸೆಂ.ಮೀ.ನಲ್ಲಿ 100 ಚುಕ್ಕಿಗಳು ಬಂದರೆ, 1 ಚದರ ಸೆಂ.ಮೀ.ಗೆ 10,000 ಚುಕ್ಕಿಗಳಾಗುತ್ತವೆ. ಗಾಯದ ಅಂಚಿನೊಳಗೆ 94,200 ಚುಕ್ಕಿಗಳಿದ್ದರೆ ವಿಸ್ತೀರ್ಣ 9.42 ಚದರ ಸೆಂ.ಮೀ. ಎಂದಾಯಿತು. ಗಾಯವನ್ನು ಮುಟ್ಟುವ ಅಗತ್ಯವಿಲ್ಲದಿರುವುದು ಈ ಕ್ರಮದ ದೊಡ್ಡ ಅನುಕೂಲ.

ಇಲ್ಲಿ ಕಷ್ಟದ ಕೆಲಸವೆಂದರೆ ಯಾವ ಚುಕ್ಕಿ ಗಾಯದ್ದು, ಯಾವುದು ಒಳ್ಳೆಯ ಚರ್ಮದ್ದು ಎಂದು ವಿಂಗಡಿಸುವುದು. ಕೃತಕ ಬುದ್ಧಿಮತ್ತೆ ನೆರವಿಗೆ ಬರುವುದು ಈ ಹಂತದಲ್ಲಿ.

ಯಂತ್ರ ಕಲಿಯುವುದು ಹೇಗೆ?

ಅಡಿಕೆ ಮಂಡಿಯಲ್ಲಿ ರಾಶಿ, ಬೆಟ್ಟೆ, ಗೊರಬಲುಗಳನ್ನು ಒಂದೇ ನೋಟಕ್ಕೆ ಬೇರೆ ಮಾಡುವವರು ಅದನ್ನು ಪುಸ್ತಕ ಓದಿ ಕಲಿತವರಲ್ಲ. ಬಲ್ಲವರು ‘ಇದು ಬೆಟ್ಟೆ, ಇದು ಗೊರಬಲು’ ಎಂದು ತೋರಿಸುತ್ತ ಹೋದಂತೆ ಸಾವಿರಾರು ಮೂಟೆಗಳನ್ನು ನೋಡಿ ಕಲಿತವರು. ಗಣಕಯಂತ್ರಕ್ಕೂ ಹೀಗೆಯೇ ಕಲಿಸಲಾಗುತ್ತದೆ. ಅನುಭವವುಳ್ಳ ವೈದ್ಯರು ಗಾಯದ ಸಾವಿರಾರು ಚಿತ್ರಗಳ ಮೇಲೆ ಅಂಚನ್ನು ಗುರುತಿಸಿ ಕೊಡುತ್ತಾರೆ. ಯಂತ್ರ ಪ್ರತಿ ಚಿತ್ರದಲ್ಲಿಯೂ ತನ್ನ ಊಹೆಯನ್ನು ವೈದ್ಯರ ಗುರುತಿನೊಡನೆ ಹೋಲಿಸಿ, ತಪ್ಪಿದಷ್ಟನ್ನು ಸ್ವಲ್ಪ ಸ್ವಲ್ಪವಾಗಿ ತಿದ್ದಿಕೊಳ್ಳುತ್ತದೆ. ಕೊನೆಗೆ ಹಿಂದೆ ಕಾಣದ ಚಿತ್ರವನ್ನು ಕೊಟ್ಟರೂ ಅಂಚನ್ನು ತಾನೇ ಎಳೆಯುತ್ತದೆ.

ವೈದ್ಯಕೀಯ ಚಿತ್ರಗಳಲ್ಲಿ ಹೀಗೆ ಗಡಿ ಎಳೆಯಲು ಬಹಳವಾಗಿ ಬಳಕೆಯಲ್ಲಿರುವ ‘ಯು-ನೆಟ್’ ಎಂಬ ವಿಧಾನವನ್ನು ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾನಿಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದರು. 2020ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮೆಟ್ರೊಪಾಲಿಟನ್ ವಿಶ್ವವಿದ್ಯಾನಿಲಯದ ಸಂಶೋಧಕರು ಮತ್ತು ಅವರ ಸಹವರ್ತಿಗಳು ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿನ 4,000 ಚಿತ್ರಗಳನ್ನು ಒದಗಿಸಿ, ಹುಣ್ಣನ್ನು ಗುರುತಿಸುವ ಸ್ಪರ್ಧೆಯೊಂದನ್ನು ಏರ್ಪಡಿಸಿದರು. ಇವುಗಳಲ್ಲಿ 2,000 ಚಿತ್ರಗಳು ಕಲಿಸುವುದಕ್ಕೆ, ಉಳಿದ 2,000 ಪರೀಕ್ಷೆಗೆ. 2021ರ ಸ್ಪರ್ಧೆಯಲ್ಲಿ ಸೋಂಕು ಮತ್ತು ರಕ್ತಸಂಚಾರದ ಕೊರತೆಗಳನ್ನು ಚಿತ್ರದಿಂದ ಗುರುತಿಸುವ ಪ್ರಶ್ನೆಯನ್ನು ಇಡಲಾಯಿತು.

ಅಂಚು ಎಳೆದ ಮೇಲೆ ಯಂತ್ರ ಗಾಯದೊಳಗಿನ ಬಣ್ಣಗಳನ್ನು ವಿಂಗಡಿಸುತ್ತದೆ. ಈ ಬಣ್ಣಗಳ ಅರ್ಥವನ್ನು ರೈತರೂ ತಿಳಿದಿರಬೇಕು.

ಕೆಂಪು: ಹೊಸ ಮಾಂಸ ಬೆಳೆಯುತ್ತಿದೆ. ಸಾಮಾನ್ಯವಾಗಿ ಒಳ್ಳೆಯ ಲಕ್ಷಣ.
ಹಳದಿ: ಸತ್ತ ಅಂಗಾಂಶದ ಲೋಳೆಯಂತಹ ಪದರ. ಶುಚಿಗೊಳಿಸುವ ಅಗತ್ಯವಿದೆಯೇ ಎಂದು ವೈದ್ಯರು ನೋಡಬೇಕು.
ಕಪ್ಪು: ಸತ್ತ ಚರ್ಮ ಅಥವಾ ಮಾಂಸ. ರಕ್ತಸಂಚಾರ ನಿಂತಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸಬೇಕು.

ವಾರವಾರದ ಚಿತ್ರಗಳಿಂದ ಕೆಂಪು ಹೆಚ್ಚುತ್ತಿದೆಯೇ, ಹಳದಿ ಮತ್ತು ಕಪ್ಪು ಕಡಿಮೆಯಾಗುತ್ತಿವೆಯೇ ಎಂಬುದನ್ನು ಯಂತ್ರ ಅಂಕಿಗಳಲ್ಲಿ ತೋರಿಸುತ್ತದೆ.

ಶಾಖದ ಚಿತ್ರ

ಸಾಧಾರಣ ಕ್ಯಾಮೆರಾ ಬೆಳಕನ್ನು ಗ್ರಹಿಸಿದರೆ ಶಾಖದ ಕ್ಯಾಮೆರಾ ಚರ್ಮದಿಂದ ಹೊರಡುವ ಉಷ್ಣತೆಯನ್ನು ಗ್ರಹಿಸುತ್ತದೆ. ಚರ್ಮ ಒಡೆಯುವುದಕ್ಕೆ ಮುಂಚೆಯೇ ಒತ್ತಡ ಬಿದ್ದ ಜಾಗದ ಒಳಗೆ ಉರಿಯೂತ ಆರಂಭವಾಗಿ ಆ ಭಾಗ ಬಿಸಿಯಾಗುತ್ತದೆ. ಒಂದು ಪಾದದ ಯಾವುದಾದರೂ ಜಾಗ ಮತ್ತೊಂದು ಪಾದದ ಅದೇ ಜಾಗಕ್ಕಿಂತ 2.2 ಡಿಗ್ರಿ ಸೆಂಟಿಗ್ರೇಡಿಗೂ ಹೆಚ್ಚು ಬಿಸಿಯಾಗಿ, ಮರುದಿನವೂ ಹಾಗೆಯೇ ಉಳಿದರೆ ಅದನ್ನು ಎಚ್ಚರಿಕೆಯೆಂದು ಭಾವಿಸಬೇಕು. ಅಮೆರಿಕದಲ್ಲಿ ನಡೆದ ಪ್ರಯೋಗಗಳಲ್ಲಿ, ಮನೆಯಲ್ಲಿಯೇ ಪ್ರತಿದಿನ ಚರ್ಮದ ಉಷ್ಣತೆ ನೋಡಿಕೊಂಡು, ಬಿಸಿ ಕಂಡಾಗ ನಡೆದಾಟ ಕಡಿಮೆ ಮಾಡಿದವರಲ್ಲಿ ಹುಣ್ಣುಗಳು ಕಡಿಮೆಯಾದವು. ಬಿಸಿಲಿನಲ್ಲಿ ನಡೆದು ಬಂದ ಕೂಡಲೇ ಅಥವಾ ಕಾಲು ತೊಳೆದ ಕೂಡಲೇ ನೋಡಿದರೆ ಅಂಕಿ ತಪ್ಪುತ್ತದೆ. ಸ್ವಲ್ಪ ಹೊತ್ತು ನೆರಳಿನಲ್ಲಿ ಕುಳಿತ ಮೇಲೆ ನೋಡುವುದು ಸರಿಯಾದ ಕ್ರಮ.

ಯಂತ್ರಕ್ಕೆ ಕಾಣದ ಸಂಗತಿಗಳು

ಯಂತ್ರ ನೋಡುವುದು ಚಿತ್ರವನ್ನು, ಪಾದವನ್ನಲ್ಲ. ಈ ವ್ಯತ್ಯಾಸವನ್ನು ಎಂದಿಗೂ ಮರೆಯಬಾರದು.

ಮೊದಲನೆಯದಾಗಿ, ಮೇಲ್ನೋಟದ ಚಿತ್ರದಲ್ಲಿ ಆಳ ತಿಳಿಯುವುದಿಲ್ಲ. ಹೊರಗೆ ಕಡಲೆಕಾಳಿನಷ್ಟು ಕಾಣುವ ತೂತು ಒಳಗೆ ಮೂಳೆಯವರೆಗೆ ಹೋಗಿರಬಹುದು. ಇದನ್ನು ವೈದ್ಯರು ಶುದ್ಧವಾದ ಲೋಹದ ಕಡ್ಡಿಯಿಂದ ಪರೀಕ್ಷಿಸಿ, ಅಗತ್ಯವಿದ್ದರೆ ಎಕ್ಸ್-ರೇ ತೆಗೆಸಿ ನೋಡುತ್ತಾರೆ.

ಎರಡನೆಯದಾಗಿ, ರಕ್ತಸಂಚಾರವನ್ನು ಪಾದದ ನಾಡಿ ಮುಟ್ಟಿ, ಸ್ಪರ್ಶಜ್ಞಾನವನ್ನು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಮುಟ್ಟಿಸಿ ಪರೀಕ್ಷಿಸಬೇಕು. ಕೆಟ್ಟ ವಾಸನೆ, ಜ್ವರ, ಕೀವು ತುಂಬಿದ ಬಾವಿನ ಮೆತುತನ ಇವು ಯಾವುವೂ ಛಾಯಾಚಿತ್ರದಲ್ಲಿ ಬರುವುದಿಲ್ಲ.

ಮೂರನೆಯದಾಗಿ, ಯಂತ್ರ ತಾನು ಕಲಿತ ಚಿತ್ರಗಳಿಗಿಂತ ಬೇರೆ ರೀತಿಯದನ್ನು ಕಂಡಾಗ ತಪ್ಪುತ್ತದೆ. ಮಲೆನಾಡಿನ ಕೆಂಪಡಿಕೆಯನ್ನು ಮಾತ್ರ ನೋಡಿದವನ ಮುಂದೆ ಕರಾವಳಿಯ ಚಾಲಿ ಅಡಿಕೆ ಸುರಿದರೆ ಅವನು ತಡವರಿಸುವುದು ಸಹಜ. ಉರಿಯೂತದ ಕೆಂಪು ಬಿಳಿ ಚರ್ಮದ ಮೇಲೆ ಸ್ಪಷ್ಟವಾಗಿ ಕಾಣುತ್ತದೆ; ಕಪ್ಪು ಅಥವಾ ಕಂದು ಚರ್ಮದ ಮೇಲೆ ಅಷ್ಟು ಕಾಣುವುದಿಲ್ಲ. ಬಿಳಿ ಚರ್ಮದವರ ಚಿತ್ರಗಳಿಂದಲೇ ಹೆಚ್ಚಾಗಿ ಕಲಿತ ಯಂತ್ರ ನಮ್ಮವರ ಪಾದದಲ್ಲಿ ಸೋಂಕನ್ನು ಕಾಣದೇ ಹೋಗಬಹುದು. ಬರಿಗಾಲಿನಲ್ಲಿ ನಡೆದು ಒಡೆದ ಹಿಮ್ಮಡಿ, ಕೆಮ್ಮಣ್ಣು ಕೂತ ಬಿರುಕುಗಳು ಕೂಡ ಇಂತಹ ಯಂತ್ರಕ್ಕೆ ಹೊಸತು. ಆದುದರಿಂದ ನಮ್ಮ ಜನರ ಚಿತ್ರಗಳಿಂದ ಕಲಿಸಿ, ನಮ್ಮ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದ ಸಾಧನಗಳೇ ನಮಗೆ ಸೂಕ್ತ.

ನಾಲ್ಕನೆಯದಾಗಿ, ಗಾಯಕ್ಕೆ ಹಚ್ಚಿದ ವಸ್ತುಗಳು ಬಣ್ಣವನ್ನು ಕೆಡಿಸುತ್ತವೆ. ಅರಿಸಿನ ಹಚ್ಚಿದ ಗಾಯ ಯಂತ್ರಕ್ಕೆ ಹಳದಿ ಲೋಳೆಯಂತೆ ಕಾಣಬಹುದು. ಒಣಗಿದ ರಕ್ತ, ಸೊಪ್ಪಿನ ರಸ, ಕಾಫಿಪುಡಿ ಇವು ಕಪ್ಪಾದ ಮಾಂಸದಂತೆ ಕಾಣಬಹುದು. ನೇರಳೆ ಬಣ್ಣದ ಔಷಧಿಯ ಕೆಳಗೆ ನಿಜವಾದ ಬಣ್ಣವೇ ಮರೆಯಾಗುತ್ತದೆ. ಇದು ಯಂತ್ರದ ತೊಂದರೆ ಮಾತ್ರವಲ್ಲ, ವೈದ್ಯರ ಕಣ್ಣಿಗೂ ಇದೇ ತೊಂದರೆ.

ಸರಿಯಾದ ಚಿತ್ರ ತೆಗೆಯುವ ಕ್ರಮ

ಅಳೆಯುವ ಸಾಧನ ಹತ್ತಿರದಲ್ಲಿ ಇಲ್ಲದಿದ್ದರೂ ಮನೆಯ ಫೋನಿನಿಂದ ಕ್ರಮಬದ್ಧವಾಗಿ ತೆಗೆದ ಚಿತ್ರಗಳು ವೈದ್ಯರಿಗೆ ಬಹಳ ಉಪಯುಕ್ತ. ಈ ಕೆಳಗಿನ ಅಂಶಗಳನ್ನು ಪಾಲಿಸಬೇಕು.

1. ವೈದ್ಯರಾಗಲಿ ದಾದಿಯರಾಗಲಿ ಹೇಳಿದ ರೀತಿಯಲ್ಲಿ ಗಾಯವನ್ನು ಶುಚಿಗೊಳಿಸಿ, ಪಟ್ಟಿ ಬದಲಾಯಿಸುವ ವೇಳೆಯಲ್ಲಿ ಚಿತ್ರ ತೆಗೆಯಬೇಕು. ಚಿತ್ರಕ್ಕಾಗಿಯೇ ಪದೇ ಪದೇ ಪಟ್ಟಿ ಬಿಚ್ಚಬಾರದು.
2. ಹಗಲಿನಲ್ಲಿ, ನೆರಳಿನ ಬೆಳಕಿನಲ್ಲಿ ತೆಗೆಯಬೇಕು. ನೇರ ಬಿಸಿಲು ಬೇಡ. ಫೋನಿನ ದೀಪ ಒದ್ದೆ ಗಾಯದ ಮೇಲೆ ಹೊಳೆದು ಬಣ್ಣ ಕೆಡಿಸುತ್ತದೆ.
3. ಸೆಂಟಿಮೀಟರ್ ಗುರುತಿರುವ ಶುಚಿಯಾದ ಕಾಗದದ ಪಟ್ಟಿಯನ್ನು ಗಾಯದ ಪಕ್ಕದ ಒಳ್ಳೆಯ ಚರ್ಮದ ಮೇಲೆ ಇಡಬೇಕು. ಗಾಯಕ್ಕೆ ತಾಗಿಸಬಾರದು. ಬಳಸಿದ ಪಟ್ಟಿಯನ್ನು ಎಸೆಯಬೇಕು.
4. ಫೋನನ್ನು ಗಾಯಕ್ಕೆ ನೇರವಾಗಿ, ಪ್ರತಿಸಲವೂ ಒಂದೇ ದೂರದಲ್ಲಿ ಹಿಡಿಯಬೇಕು. ಸಪಾಟಾದ ಗಾಯವನ್ನು 45 ಡಿಗ್ರಿ ಓರೆಯಾಗಿ ಹಿಡಿದು ತೆಗೆದರೆ ವಿಸ್ತೀರ್ಣ ಸುಮಾರು ಶೇ. 30ರಷ್ಟು ಕಡಿಮೆ ಕಾಣುತ್ತದೆ.
5. ಒಂದು ಚಿತ್ರ ಹತ್ತಿರದಿಂದ, ಇನ್ನೊಂದು ಇಡೀ ಪಾದ ಕಾಣುವಂತೆ ತೆಗೆಯಬೇಕು. ಹಿಮ್ಮಡಿಯಂತಹ ದುಂಡಗಿನ ಜಾಗವಾದರೆ ಎರಡು ಮೂರು ಕಡೆಯಿಂದ ತೆಗೆಯಬೇಕು.
6. ವಾರಕ್ಕೊಮ್ಮೆ, ಒಂದೇ ವಾರದಂದು ತೆಗೆದು, ದಿನಾಂಕದೊಡನೆ ಉದ್ದ ಅಗಲಗಳನ್ನು ಪುಸ್ತಕದಲ್ಲಿ ಬರೆದಿಡಬೇಕು.
7. ಚಿತ್ರವನ್ನು ಚಿಕಿತ್ಸೆ ಮಾಡುವವರಿಗೆ ಮಾತ್ರ, ರೋಗಿಯ ಒಪ್ಪಿಗೆ ಪಡೆದು ಕಳುಹಿಸಬೇಕು. ಊರಿನ ವಾಟ್ಸಾಪ್ ಗುಂಪುಗಳಿಗೆ ಹಾಕಬಾರದು.

ಚಿತ್ರಕ್ಕಾಗಿ ಕಾಯಬಾರದ ಸಂದರ್ಭಗಳು

ಗಾಯದ ಸುತ್ತ ಬಾವು ಹರಡುತ್ತಿರುವುದು, ಕೀವು ಅಥವಾ ದುರ್ವಾಸನೆ, ಜ್ವರ ಮತ್ತು ನಡುಕ, ಬೆರಳು ಕಪ್ಪಾಗುವುದು ಅಥವಾ ತಣ್ಣಗಾಗುವುದು, ಗಾಯದೊಳಗೆ ಮೂಳೆ ಕಾಣುವುದು ಇವುಗಳಲ್ಲಿ ಯಾವುದೊಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಯಂತ್ರ ‘ಸೋಂಕಿಲ್ಲ’ ಎಂದು ತೋರಿಸಿದರೂ ನಿಲ್ಲಬಾರದು. ಸಕ್ಕರೆ ಕಾಯಿಲೆ ಇರುವವರು ಪಾದದ ಗಾಯ ಎಷ್ಟೇ ಸಣ್ಣದಿರಲಿ, ನೋವಿಲ್ಲದಿರಲಿ, ತಡಮಾಡದೆ ವೈದ್ಯರಿಗೆ ತೋರಿಸುವುದು ಕ್ಷೇಮ. ಮಣ್ಣು ಸಗಣಿಗಳಿಂದ ಮಲಿನವಾದ ಗಾಯವಾದರೆ ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ಕೇಳಿ ತಿಳಿಯಬೇಕು. ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಜೋಮು ಹಿಡಿದ ಪಾದವನ್ನು ಬಿಸಿನೀರಿನಲ್ಲಿ ಇಡುವುದು ಇವನ್ನು ಪೂರ್ತಿಯಾಗಿ ಬಿಡಬೇಕು.

ದನಕರುಗಳ ಗಾಯ

ಇದೇ ತತ್ವ ಜಾನುವಾರುಗಳಿಗೂ ಅನ್ವಯಿಸುತ್ತದೆ. ನೊಗ ಉಜ್ಜಿ ಎತ್ತಿನ ಹೆಗಲಿನ ಮೇಲೆ ಆದ ಹುಣ್ಣನ್ನು ವಾರವಾರ ಚಿತ್ರ ತೆಗೆದು ಅಳೆದರೆ, ಎತ್ತನ್ನು ಹೂಡಬಹುದೇ ಇನ್ನೂ ವಿಶ್ರಾಂತಿ ಬೇಕೇ ಎಂಬುದನ್ನು ಪಶುವೈದ್ಯರು ಸುಲಭವಾಗಿ ಹೇಳಬಲ್ಲರು. ಹೊರದೇಶಗಳಲ್ಲಿ ಹಸುಗಳ ಗೊರಸಿನ ಹುಣ್ಣನ್ನು ಚಿತ್ರದಿಂದ ಗುರುತಿಸುವ, ಕೆಚ್ಚಲು ಬಾವನ್ನು ಶಾಖದ ಕ್ಯಾಮೆರಾದಿಂದ ಬೇಗ ಕಂಡುಹಿಡಿಯುವ ಸಂಶೋಧನೆಗಳು ನಡೆದಿವೆ. ಆದರೆ ಕೂದಲು, ಸಗಣಿ, ಬಿಸಿಲಿನ ಕಾವು ಇವು ಇಲ್ಲಿ ಅಳತೆಯನ್ನು ಹೆಚ್ಚು ಕೆಡಿಸುತ್ತವೆ. ಬಾಯಿ ಮತ್ತು ಗೊರಸಿನ ಸಂದಿಯಲ್ಲಿ ಗುಳ್ಳೆಗಳು ಅಥವಾ ಮೈಮೇಲೆ ಗಂಟುಗಳು ಕಂಡರೆ ಕಾಲುಬಾಯಿ ಜ್ವರ ಅಥವಾ ಚರ್ಮಗಂಟು ರೋಗವಿರಬಹುದು. ಚಿತ್ರ ತೆಗೆಯುತ್ತ ಕೂರದೆ ರಾಸನ್ನು ಬೇರೆ ಕಟ್ಟಿ ಪಶುವೈದ್ಯರಿಗೆ ತಿಳಿಸಬೇಕು.

ವಿಸ್ತರಣಾ ಕಾರ್ಯಕರ್ತರ ಪಾತ್ರ

ಗ್ರಾಮ ಮಟ್ಟದ ಕಾರ್ಯಕರ್ತರು ರೈತ ಮಹಿಳೆಯರ ಸಭೆಗಳಲ್ಲಿ ಚಿತ್ರ ತೆಗೆಯುವ ಕ್ರಮವನ್ನೂ ವಿಸ್ತೀರ್ಣದ ಲೆಕ್ಕವನ್ನೂ ಮಾಡಿ ತೋರಿಸಬಹುದು. ಗಾಯವಿದ್ದವರನ್ನು ಆಶಾ ಕಾರ್ಯಕರ್ತೆಯರ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಬಹುದು. ಯಾವುದಾದರೂ ಹೊಸ ಸಾಧನವನ್ನು ಊರಿಗೆ ತಂದು ತೋರಿಸುವವರಿದ್ದರೆ ಎರಡು ಪ್ರಶ್ನೆ ಕೇಳಬೇಕು: ಇದಕ್ಕೆ ಯಾರ ಚಿತ್ರಗಳಿಂದ ಕಲಿಸಲಾಗಿದೆ? ಇದು ತಪ್ಪಿದರೆ ರೋಗಿಯನ್ನು ನೋಡುವ ವೈದ್ಯರು ಯಾರು? ಸಾಧನ ಕೊಡುವುದು ಅಳತೆಯನ್ನು ಮಾತ್ರ. ಪಾದಕ್ಕೆ ಬೀಳುವ ಭಾರವನ್ನು ತಪ್ಪಿಸುವುದು, ಸಕ್ಕರೆಯನ್ನು ಹತೋಟಿಗೆ ತರುವುದು, ಸೋಂಕಿಗೆ ಔಷಧಿ ಕೊಡುವುದು ಇವು ಚಿಕಿತ್ಸೆ.

ಮುಕ್ತಾಯ

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆ ಗಾಯಗಳ ವಿಷಯದಲ್ಲಿ ಅಕ್ಷರಶಃ ನಿಜ. ದಿನಕ್ಕೊಮ್ಮೆ ಅಂಗಾಲು ಮತ್ತು ಬೆರಳ ಸಂದುಗಳನ್ನು ನೋಡಿಕೊಳ್ಳುವುದು, ಬಗ್ಗಿ ನೋಡಲಾಗದವರು ಕನ್ನಡಿಯ ಅಥವಾ ಮನೆಯವರ ಸಹಾಯ ಪಡೆಯುವುದು, ಗಾಯವಾದರೆ ವಾರಕ್ಕೊಮ್ಮೆ ಅಳೆದು ಬರೆದಿಡುವುದು, ನಾಲ್ಕು ವಾರಗಳಲ್ಲಿ ಅರ್ಧಕ್ಕೆ ಇಳಿಯದಿದ್ದರೆ ವೈದ್ಯರಲ್ಲಿ ಮತ್ತೆ ವಿಚಾರಿಸುವುದು ಇವಿಷ್ಟನ್ನು ಪಾಲಿಸಿದರೆ ಎಷ್ಟೋ ಪಾದಗಳನ್ನು ಉಳಿಸಿಕೊಳ್ಳಬಹುದು. ಕ್ಯಾಮೆರಾ ಮತ್ತು ಕೃತಕ ಬುದ್ಧಿಮತ್ತೆ ಈ ಕೆಲಸವನ್ನು ಚುರುಕುಗೊಳಿಸುತ್ತವೆ. ಆದರೆ ಪ್ರತಿದಿನ ಪಾದವನ್ನು ನೋಡಿಕೊಳ್ಳುವ ಕೆಲಸ ಮನೆಯವರದೇ.